ಮುತ್ಯಾನ ಶೇಪ್ ಒನ್ ಕಿವಿ

ನಾನು ಫೋನಿನಲ್ಲಿ ಮಾತಾಡಿದರೆ ಎದುರು ಮನೆಯ ಆಂಟಿಗೆ ನಮ್ಮ ಮನೆಯ ಸುದ್ದಿಯೆಲ್ಲ ತಿಳಿಯುತ್ತದೆ. ಅವರಿಗೆ ಕನ್ನಡ ಬಾರದು, ತೆಲುಗು ಮಾತ್ರ. ಆದರೂ ತಿಳಿಯುತ್ತದೆ, ನಾನು ಅಷ್ಟು ಬಿಡಿಸಿ ಬಿಡಿಸಿ, ಅಷ್ಟು ಬಾಯಿ ತೆರೆದು ಮಾತಾಡುತ್ತೇನೆ. ಮೊನ್ನೆ ಮೆಟ್ರೊದಲ್ಲಿ ಗೆಳತಿಯ ಕಿವಿಯಲ್ಲಿ ಒಂದು ಗುಟ್ಟು ಹೇಳಿದೆ. ಬೇಗಂಪೇಟೆಯಲ್ಲಿ ಇಳಿಯುತ್ತಿದ್ದ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಆ ಹುಡುಗ ನಿನಗೆ ತಕ್ಕವನಲ್ಲ, ಬಿಡಮ್ಮ" ಎಂದು ತೆಲುಗಿನಲ್ಲಿ ತೀರ್ಪು ಕೊಟ್ಟು ಇಳಿದರು. ತೀರ್ಪು ಸರಿಯಾಗಿಯೇ ಇತ್ತು, ಆ ಮಾತು ಬೇರೆ.

ಈ ದನಿಯಿಂದಲೇ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದದ್ದು. "ಸ್ಪಷ್ಟ ಉಚ್ಚಾರ, ಪದಪದಕ್ಕೂ ಬಿಡುವು, ಕೊನೆಯ ಸಾಲಿಗೂ ಮುಟ್ಟುವ ಕಂಠ" ಎಂದು ತೀರ್ಪುಗಾರರು ಬರೆಯುತ್ತಿದ್ದರು. ತರಬೇತಿ ಕೊಟ್ಟ ಮೇಷ್ಟ್ರು ಇದೆಲ್ಲ ತಮ್ಮದೇ ಸಾಧನೆ ಎಂದುಕೊಂಡಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ನಿಮಗೆ ಮಾತ್ರ ನಿಜ ಹೇಳುತ್ತೇನೆ. ಆ ತರಬೇತಿ ನಡೆದದ್ದು ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ, ನನ್ನ ಮೂರನೇ ವಯಸ್ಸಿನಿಂದ. ಅಪ್ಪ ಅಮ್ಮ ಇಬ್ಬರೂ ನೌಕರಿಗೆ ಹೋದ ಮೇಲೆ ಬಿಸ್ಕೀಟಿನ ಡಬ್ಬಿಯ ಅಧಿಕಾರ ಮುತ್ಯಾನದು. ಮುತ್ಯಾ ಎಂದರೆ ನಮ್ಮ ವಿಜಯಪುರದ ಕಡೆ ಅಜ್ಜ. ಅವನಿಗೆ ಕಿವಿ ಕೇಳದು. ಹಾಗಾಗಿ ಬಿಸ್ಕೀಟು ಬೇಕೆಂದರೆ ಎದುರಿಗೆ ಹೋಗಿ ನಿಲ್ಲಬೇಕು, ಮುಖಕ್ಕೆ ಮುಖ ಕೊಡಬೇಕು, ಬೇಡಿಕೆಯನ್ನು ಕ್ರಮವಾಗಿ ಮಂಡಿಸಬೇಕು, ಕೊನೆಗೆ "ಎರಡು" ಎಂಬ ಮುಖ್ಯಾಂಶವನ್ನು ಒತ್ತಿ ಹೇಳಬೇಕು. ಇದಕ್ಕಿಂತ ಒಳ್ಳೆಯ ಭಾಷಣ ತರಬೇತಿ ಯಾವ ಊರಿನಲ್ಲಿದೆ, ಹೇಳಿ.

ಇನ್ನು ವಾದ ಮಾಡುವ ಚಟ. ಅದೂ ಅವನಿಂದಲೇ ಬಂದದ್ದು. ತನಗೆ ಕೇಳುವುದಿಲ್ಲ ಎಂಬುದನ್ನು ಮುತ್ಯಾ ಒಂದು ದಿನವೂ ಒಪ್ಪಿದವನಲ್ಲ.

"ನನಗ ಛಲೋ ಕೇಳ್ತೈತಿ. ನೀವು ಮಂದಿ ಬಾಯಾಗ ಇಟಗೊಂಡು ಮಾತಾಡ್ತೀರಿ."

ಮುತ್ಯಾ ಸೈನ್ಯದ ತೋಪಖಾನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದು ಹವಾಲ್ದಾರನಾಗಿ ಹೊರಬಂದವನು. ತೋಪು ಹಾರಿಸುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕೆಂದು ನಿಯಮವಿತ್ತಂತೆ. ಹತ್ತಿ ಇಟ್ಟರೆ ಆಫೀಸರನ ಆರ್ಡರ್ ಸರಿಯಾಗಿ ಕೇಳಿಸುತ್ತಿರಲಿಲ್ಲವಂತೆ. ಅದಕ್ಕೆ ಇವನು ಹತ್ತಿ ತೆಗೆದು ಜೇಬಿನಲ್ಲಿಡುತ್ತಿದ್ದ. ಆರ್ಡರ್ ಕೇಳಲೆಂದು ಕಿವಿ ಕಳೆದುಕೊಂಡ ಮನುಷ್ಯ ಇವನೊಬ್ಬನೇ ಇರಬೇಕು ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಒಂದು ಇಡೀ ಆಸ್ಪತ್ರೆಯ ತುಂಬ ಅಂಥವರಿದ್ದಾರೆ ಎಂದು.

ಕೇಳದ ಕಿವಿಯಿಂದ ಅವನು ಬಾಳು ನಡೆಸುತ್ತಿದ್ದ ರೀತಿ ನೋಡುವಂಥದು. ಊರಿಗೆ ಹೋಗಲು ಕಾಚಿಗೂಡ ಸ್ಟೇಷನ್ನಿನಲ್ಲಿ ಕುಳಿತಾಗ ಮೈಕಿನವರು ಪ್ಲಾಟ್‌ಫಾರ್ಮ್ ಬದಲಾಯಿಸಿದರೆ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುವವನು ಮುತ್ಯಾ. ಗುಟ್ಟೇನೆಂದರೆ ಅವನು ಮೈಕನ್ನು ನಂಬಿದವನಲ್ಲ, ಕೂಲಿಗಳ ಮುಖ ನೋಡುತ್ತಿರುತ್ತಿದ್ದ. ಮದುವೆಮನೆಗಳಲ್ಲಿ ಎಲ್ಲರೂ ನಕ್ಕಾಗ ನಗುತ್ತಿದ್ದ, ಒಂದೇ ಒಂದು ಕ್ಷಣ ತಡವಾಗಿ. ಆ ಒಂದು ಕ್ಷಣವನ್ನು ನಮ್ಮ ಮನೆಯವರ ಹೊರತು ಬೇರೆ ಯಾರೂ ಗುರುತಿಸಿರಲಿಲ್ಲ.

ಮನೆಯಲ್ಲಿ ಇದರ ಪೂರ್ತಿ ಲಾಭ ಪಡೆದವಳು ಆಯಿ, ನನ್ನ ಅಜ್ಜಿ. ಗಂಡನ ಎದುರಿಗೆ ಅವಳದು ತೂಕದ ಮಾತು. "ಉಣ್ಣಾಕ ಬರ್ರಿ", "ಹೊತ್ತಾತ್ರಿ", ಇಷ್ಟೇ. ಆದರೆ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯಲು ಕುಳಿತಳೆಂದರೆ ಸಾಕು, ಬೆನ್ನ ಹಿಂದೆ ಕುರ್ಚಿಯಲ್ಲಿ ಕುಳಿತ ಗಂಡನ ಮೇಲೆ ದಿನದ ವಾರ್ತೆ ಶುರು. ಮದುವೆಯಾದ ವರ್ಷ ಬರೆಯದ ಪತ್ರದಿಂದ ಹಿಡಿದು ನಿನ್ನೆ ತಂದ ಬೂಸಲು ಹಿಡಿದ ಬದನೆಕಾಯಿಯವರೆಗೆ. ವಾರ್ತೆ ಮುಗಿದ ಮೇಲೆ ಅವಳ ತವರಿನ ಬೀಸುವ ಹಾಡುಗಳು, ತನ್ನ ಪಾಡಿಗೆ ತಾನು. ಮುತ್ಯಾ ಪೇಪರ್ ಓದುತ್ತ ಹಾಯಾಗಿರುತ್ತಿದ್ದ. ನನಗೆ ಆಗಾಗ ಅನಿಸುತ್ತಿತ್ತು, ಇಷ್ಟು ಸುಖದ ಸಂಸಾರ ಈ ಓಣಿಯಲ್ಲಿ ಇನ್ನೊಂದಿಲ್ಲ.

ಅದು ಕೆಟ್ಟದ್ದು ಪಾರ್ಕಿನಿಂದ.

ಮನೆಯ ಹತ್ತಿರದ ಪಾರ್ಕಿನಲ್ಲಿ ಬೆಳಿಗ್ಗೆ ಮುದುಕರ ಒಂದು ಬೆಂಚು ಸೇರುತ್ತದೆ. ಬಹುತೇಕ ರೈಲ್ವೆಯವರು. ಮುತ್ಯಾನ ಖಾಸಾ ದೋಸ್ತ ರಾಘವುಲು, ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಅವರ ಮುಖವೇ ನಗುಮುಖ. ಹಲ್ಲುನೋವನ್ನೂ ನಗುತ್ತಲೇ ಹೇಳುವ ಪೈಕಿ. ಒಂದು ದಿನ ರಾಘವುಲು ನಗುಮುಖದಲ್ಲೇ ಏನೋ ಹೇಳಿದರು. ಮುತ್ಯಾ ರೂಢಿಯಂತೆ ಗಹಗಹಿಸಿ ನಕ್ಕ. ತೊಡೆ ತಟ್ಟಿಯೂ ನಕ್ಕ. ಬೆಂಚಿನಲ್ಲಿ ಬೇರೆ ಯಾರೂ ನಗಲಿಲ್ಲ. ರಾಘವುಲು ಹೇಳಿದ್ದು ಹೆಂಡತಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದು ಆಸ್ಪತ್ರೆಯಲ್ಲಿದ್ದಾಳೆ ಎಂದು.

ಮುತ್ಯಾ ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ. ಎದುರು ಮನೆಯ ಆಂಟಿ ಹೇಳಿದ ಮೇಲೆ ನಮಗೆ ಗೊತ್ತಾಯಿತು. ಮರುದಿನ ಬೆಳಿಗ್ಗೆ ಎಂದಿನಂತೆ ಐದಕ್ಕೆ ಎದ್ದ, ಬೂಟಿಗೆ ಪಾಲಿಶ್ ಮಾಡಿದ, ಬಾಗಿಲ ಬಳಿ ಇಟ್ಟ. ಹೋಗಲಿಲ್ಲ. ಅದರ ಮರುದಿನವೂ ಪಾಲಿಶ್, ಬಾಗಿಲು, ಇಲ್ಲ. ಹೀಗೆ ಒಂದು ತಿಂಗಳು. ಎಲ್ಲಿಗೂ ಹೋಗದ ಬೂಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಆಗ ನಾನು ಪ್ರಕರಣವನ್ನು ಕೈಗೆತ್ತಿಕೊಂಡೆ. ನಾನು ಕಾನೂನು ಓದುತ್ತಿದ್ದೇನೆ. ಮುತ್ಯಾ ನನ್ನನ್ನು ವಕೀಲಬಾಯಿ ಎಂದು ಕರೆಯುವುದರಲ್ಲಿ ಮುಕ್ಕಾಲು ಪಾಲು ಕುಹಕ. ಮಾಜಿ ಸೈನಿಕರಿಗೆ ಸರಕಾರದ ಆರೋಗ್ಯ ಯೋಜನೆ ಇದೆ, ಅದರಲ್ಲಿ ಕಿವಿಮಷೀನೂ ಸಿಗುತ್ತದೆ ಎಂದು ಓದಿಕೊಂಡೆ. ಒಂದು ಗುಟ್ಟು: ನನಗೆ ಮಷೀನಿನಷ್ಟೇ ಜಗಳವೂ ಬೇಕಿತ್ತು. ಸರಕಾರಿ ಸೌಲಭ್ಯ ಕಾಗದದ ಮೇಲೆ ಇರುತ್ತದೆ, ಕೈಗೆ ಬರುವುದಿಲ್ಲ ಎಂದು ನಾನು ವೇದಿಕೆಗಳ ಮೇಲೆ ಕನಿಷ್ಠ ನಾಲ್ಕು ಸಲ ಸಾಧಿಸಿದ್ದೆ. ಈಗ ಸಾಕ್ಷ್ಯ ಸಮೇತ ಸಾಧಿಸುವ ಅವಕಾಶ ಬಂದಿತ್ತು. ಡಿಸ್ಚಾರ್ಜ್ ಬುಕ್ಕು, ಕಾರ್ಡು, ಫೋಟೊ ಎಲ್ಲ ಜೋಡಿಸಿ, ಯಾವ ಕಿಟಕಿಯಲ್ಲಿ ಯಾರು ಏನೆಂದರೆ ನಾನು ಏನೆನ್ನಬೇಕು ಎಂದು ಹನ್ನೊಂದು ಅಂಶ ಬರೆದುಕೊಂಡೆ.

ಮೊದಲ ವಿರೋಧ ಮನೆಯೊಳಗಿಂದಲೇ ಬಂತು.

"ಅವರಿಗೆ ಮಷೀನ ಯಾಕ ಬೇಕ?" ಆಯಿ ಒಲೆಯ ಕಡೆ ಮುಖ ಮಾಡಿಯೇ ಕೇಳಿದಳು. "ಐವತ್ತು ವರ್ಷ ನಡದೈತಿ."

"ಆಯಿ, ಅವನಿಗೆ ಕೇಳ್ಸಬಾರದೇನು ಪಾಪ?"

"ಅವರಿಗೆ ಕೇಳ್ಸಿದ್ರ ನಾ ಎಲ್ಲಿ ಹೋಗಿ ಮಾತಾಡ್ಲಿ?"

ಇದು ಬಲವಾದ ವಾದ. ಆದರೂ ಹೊರಟೆವು.

ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿನಲ್ಲಿ ನಮಗೆ ಒಂಬತ್ತನೇ ಟೋಕನ್ ಸಿಕ್ಕಿತು. ನನಗೆ ಸ್ವಲ್ಪ ನಿರಾಶೆಯೇ ಆಯಿತು. ಇಷ್ಟು ಬೇಗ ಕೆಲಸವಾದರೆ ಜಗಳ ಯಾರ ಜೊತೆ? ಆದರೆ ನಮ್ಮ ಸರತಿ ಬರುವ ಹೊತ್ತಿಗೆ ಮೀಸೆಯ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಮುತ್ಯಾ ಅವರನ್ನು ಒಮ್ಮೆ ನೋಡಿ "ಯೂನಿಟ್?" ಎಂದ. ಅವರು ಹೇಳಿದರು. ಸುಬೇದಾರ್ ಅಂತೆ. ಮುತ್ಯಾ ಎದ್ದು ನಿಂತು ನಮ್ಮ ಒಂಬತ್ತನ್ನು ಅವರಿಗೆ ಕೊಟ್ಟು ಅವರ ಮೂವತ್ತೊಂದನ್ನು ಇಸಿದುಕೊಂಡ.

"ಮುತ್ಯಾ, ಟೋಕನ್ನಿಗೆ ರ‍್ಯಾಂಕ್ ಇರೂದಿಲ್ಲ!"

"ಟೋಕನ್ನಿಗೆ ಇಲ್ಲ, ಮನಷ್ಯಾಗ ಐತಿ."

ನಾನು ಸಮಾನತೆಯ ಮೇಲೆ ಮಾತು ಶುರುಮಾಡುವಷ್ಟರಲ್ಲಿ ಆ ಸುಬೇದಾರ್ ಸಾಹೇಬರೂ ಎದ್ದು ನಿಂತಿದ್ದರು. ಬಾಗಿಲಲ್ಲಿ ಕೋಲೂರಿಕೊಂಡು ಒಬ್ಬ ಕ್ಯಾಪ್ಟನ್ ಬಂದಿದ್ದರು. ಒಂಬತ್ತು ಅವರ ಕೈಗೆ ಹೋಯಿತು. ಕ್ಯಾಪ್ಟನ್ ಅದನ್ನು ಒಬ್ಬ ಮೇಜರಿಗೆ ಕೊಟ್ಟರು. ಆ ಟೋಕನ್ನಿಗೆ ಒಂದೇ ಬೆಳಿಗ್ಗೆ ಸಿಕ್ಕಷ್ಟು ಬಡ್ತಿ ಮುತ್ಯಾನಿಗೆ ಇಪ್ಪತ್ತನಾಲ್ಕು ವರ್ಷದಲ್ಲಿ ಸಿಕ್ಕಿರಲಿಲ್ಲ. ಕಿಟಕಿಯಲ್ಲಿದ್ದ ಗುಮಾಸ್ತರೂ ಮಾಜಿ ಸೈನಿಕರೇ. ಇದೆಲ್ಲ ಗೊತ್ತಿದ್ದವರ ಹಾಗೆ ಯಾವ ನಂಬರಿಗೆ ಯಾರು ಬಂದರೂ ಮುಖ ಎತ್ತದೆ ಚೀಟಿ ಹರಿದು ಕೊಡುತ್ತಿದ್ದರು.

ಮಧ್ಯಾಹ್ನ ಒಳಗೆ ಹೋದೆವು. ಎಳೆಯ ಡಾಕ್ಟರು. "ಏನು ತೊಂದರೆ?" ಎಂದು ಹಿಂದಿಯಲ್ಲಿ ಕೇಳಿದರು.

ಮುತ್ಯಾ ಎದೆ ಉಬ್ಬಿಸಿ, "ಫಿಟ್ ಸಾಬ್!" ಎಂದ.

ಮೇಜಿನ ಮೇಲಿನ ಪೆನ್ನು ಉರುಳಿತು. ಹೊರಗೆ ಯಾರದೋ ಬಿ.ಪಿ. ನೋಡುತ್ತಿದ್ದ ನರ್ಸ್ ಒಳಗೆ ಇಣುಕಿದಳು. ಡಾಕ್ಟರು ನನ್ನ ಕಡೆ ತಿರುಗಿ, "ಕಿವಿಯೇ?" ಎಂದರು. ನಾನು ಒಂದನೇ ಅಂಶವನ್ನು ಹೇಳುವ ಮೊದಲೇ ಮಿಲಿಟರಿ ಆಸ್ಪತ್ರೆಯ ಕಿವಿ ಡಾಕ್ಟರಿಗೆ ಚೀಟಿ ಬರೆದರು. ಜಗಳವೇ ಇಲ್ಲ. ಸರಕಾರ ಹೀಗೆ ಮಾಡಿದರೆ ವಾದ ಮಾಡುವವರು ಬದುಕುವುದು ಹೇಗೆ?

ಮಿಲಿಟರಿ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆ ಒಂದು ಗಾಜಿನ ಗೂಡು ಇದೆ. ಒಳಗೆ ಕುಳಿತವರ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಹೊರಗೆ ಕುಳಿತ ತಂತ್ರಜ್ಞ ಗುಂಡಿ ಒತ್ತಿ ಸದ್ದು ಕಳಿಸುತ್ತಾನೆ. ಮೊದಲು ದೊಡ್ಡ ಸದ್ದು, ಆಮೇಲೆ ಸಣ್ಣದು, ಇನ್ನೂ ಸಣ್ಣದು. ಸದ್ದು ಕೇಳುತ್ತಿರುವಷ್ಟು ಹೊತ್ತು ಬೆರಳು ಎತ್ತಿ ಹಿಡಿಯಬೇಕು, ನಿಂತಾಗ ಇಳಿಸಬೇಕು. ಇಷ್ಟೇ. ತಂತ್ರಜ್ಞ ಕರೀಂನಗರದ ಕಡೆಯ ಒಬ್ಬ ಹುರುಪಿನ ಯುವಕ. ಮುತ್ಯಾ ಗೂಡಿನೊಳಗೆ ಬೆನ್ನು ನೆಟ್ಟಗೆ ಮಾಡಿ ಕುಳಿತ. ಬೆರಳು ಎದ್ದಿತು. ಇಳಿಯಿತು. ಎದ್ದಿತು. ಇಳಿಯಿತು. ಸೊಳ್ಳೆಗೂ ಕೇಳಿಸದ ಸದ್ದಿಗೆ ಮುತ್ಯಾನ ಬೆರಳು ಏಳುತ್ತಿತ್ತು.

ಡಾಕ್ಟರು ಕೇರಳದ ಮಹಿಳೆ, ಲೆಫ್ಟಿನೆಂಟ್ ಕರ್ನಲ್. ಕಾಗದ ನೋಡಿ ಹುಬ್ಬೇರಿಸಿದರು. "ಈ ವಯಸ್ಸಿಗೆ ಬಂಗಾರದಂಥ ಕಿವಿ. ಮಷೀನು ಏಕೆ?"

"ಮೇಡಂ, ಮನೆಯಲ್ಲಿ ಇವರಿಗೆ ಕುಕ್ಕರಿನ ಸೀಟಿ ಕೂಡ ಕೇಳಿಸುವುದಿಲ್ಲ," ಎಂದೆ.

ಅವರು ಮುತ್ಯಾನ ಮುಖ ನೋಡಿ, "ಹವಾಲ್ದಾರ್ ಸಾಬ್, ಕುಕ್ಕರ್ ಸೀಟಿ ಕೇಳುವುದಿಲ್ಲವೇ?" ಎಂದು ಕೇಳಿದರು.

"ಅದು ನನ್ನ ಡ್ಯೂಟಿ ಅಲ್ಲ, ಮೇಡಂ ಸಾಬ್!"

ಕೋಣೆಗೆ ಕೋಣೆಯೇ ನಕ್ಕಿತು. ಒಂದು ಕ್ಷಣ ತಡವಾಗಿ ಮುತ್ಯಾನೂ ನಕ್ಕ. ನಾನು ಇದ್ದ ಹನ್ನೊಂದು ಅಂಶಗಳನ್ನೂ ಹಿಂದಿಯಲ್ಲಿ ಮಂಡಿಸಿದೆ. ಎಲ್ಲವಕ್ಕೂ ಒಂದೇ ಉತ್ತರ, ಆ ಕಾಗದ. ನನ್ನ ಮುಖ ನೋಡಿ ಕರುಣೆಯಿಂದ ಡಾಕ್ಟರು ಚೀಟಿಯ ಮೇಲೆ "ಎರಡು ವಾರದ ನಂತರ ಮತ್ತೆ ನೋಡುವುದು" ಎಂದು ಬರೆದರು.

ಆಟೊದಲ್ಲಿ ಮುತ್ಯಾ ಮದುಮಗನ ಹಾಗೆ ಕುಳಿತಿದ್ದ. "ನೋಡಿದೇನ ವಕೀಲಬಾಯಿ? ಶೇಪ್ ಒನ್!"

ಶೇಪ್ ಒನ್ ಎಂದರೆ ಸೈನ್ಯದಲ್ಲಿ ಪೂರ್ತಿ ಗಟ್ಟಿಮುಟ್ಟಾದವರ ದರ್ಜೆ. ವರ್ಷವರ್ಷ ಪರೀಕ್ಷೆ. ಅದರಿಂದ ಕೆಳಗಿಳಿದರೆ "ಕೆಟಗರಿ ಬಿತ್ತು" ಎನ್ನುತ್ತಾರೆ. ಬಡ್ತಿಗೂ ಕಲ್ಲು ಬಿತ್ತು ಎಂದೇ ಅರ್ಥ. ಹಾಗಾಗಿ ಸಿಪಾಯಿಗಳು ಗಡಿಗಿಂತ ಹೆಚ್ಚು ಹೆದರುತ್ತಿದ್ದದ್ದು ಡಾಕ್ಟರಿಗೆ.

"ಆದ್ರ ನಿನಗ ಹೆಂಗ ಕೇಳ್ಸಿತು ಮುತ್ಯಾ?"

"ಕೇಳ್ಸೂದ್ಯಾಕ ಬೇಕ? ಆ ಹುಡುಗ ಗುಂಡಿ ಒತ್ತೋವಾಗ ಅವನ ಭುಜ ಏಳ್ತಿತ್ತು. ಗಾಜಿನಾಗ ಛಲೋ ಕಾಣ್ತಿತ್ತು. ಭುಜ ಎದ್ರ ಬೆರಳ ಎತ್ತಿದೆ, ಭುಜ ಇಳದ್ರ ಬೆರಳ ಇಳಿಸಿದೆ."

"ಮುತ್ಯಾ! ಇದು ಪಾಸಾಗೂ ಪರೀಕ್ಷಾ ಅಲ್ಲ! ನಪಾಸಾದ್ರ ಮಷೀನ ಕೊಡ್ತಾರ!"

"ನಪಾಸ?" ಮುತ್ಯಾನ ಮುಖದಲ್ಲಿ ನಿಜವಾದ ಗಾಬರಿ. "ಇಪ್ಪತ್ನಾಕು ವರ್ಷದಾಗ ಒಮ್ಮಿನೂ ಆಗಿಲ್ಲ. ಈಗ ಮುದುಕಾದ ಮ್ಯಾಲ ಆಗ್ಲ್ಯಾ?"

ಆಟೊದವನು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದ. ಆಮೇಲೆ ಸಿಗ್ನಲಿನಿಂದ ಸಿಗ್ನಲಿಗೆ ಮುತ್ಯಾ ತನ್ನ ಅಪರಾಧಗಳನ್ನು ಹೆಮ್ಮೆಯಿಂದ ಒಪ್ಪಿಕೊಂಡ. ಆಗಿನ ಕಾಲದಲ್ಲಿ ಡಾಕ್ಟರು ಬೆನ್ನ ಹಿಂದೆ ನಿಂತು ಪಿಸುದನಿಯಲ್ಲಿ ಅಂಕಿ ಹೇಳುತ್ತಿದ್ದರಂತೆ, ಸಿಪಾಯಿ ಅದನ್ನು ಜೋರಾಗಿ ಹೇಳಬೇಕು. ಇವನ ದೋಸ್ತ ಒಬ್ಬ ಕರ್ನೂಲಿನ ನಾಯಕ್ ಎದುರಿನ ಸಾಲಿನಲ್ಲಿ ಕವಾಯತಿನ ಸಾವಧಾನ್ ಭಂಗಿಯಲ್ಲಿ ನೆಟ್ಟಗೆ ನಿಂತು, ಪ್ಯಾಂಟಿನ ಹೊಲಿಗೆಯ ಮೇಲೆ ಬೆರಳಿನಿಂದ ಅಂಕಿ ತೋರಿಸುತ್ತಿದ್ದ. ಪ್ರತಿಯಾಗಿ ಕಣ್ಣಿನ ಪರೀಕ್ಷೆಯ ಅಕ್ಷರದ ಹಲಗೆಯನ್ನು ಮುತ್ಯಾ ಬಾಯಿಪಾಠ ಮಾಡಿ ಅವನಿಗೆ ಒಪ್ಪಿಸುತ್ತಿದ್ದ. ಇಬ್ಬರ ನಡುವೆ ಒಂದು ಜೊತೆ ಒಳ್ಳೆಯ ಕಣ್ಣು, ಒಂದು ಜೊತೆ ಒಳ್ಳೆಯ ಕಿವಿ. ಅಷ್ಟರಲ್ಲೇ ದೇಶ ಕಾಯ್ದರು.

ನಿವೃತ್ತಿಯ ದಿನದ ಪರೀಕ್ಷೆಯಲ್ಲೂ ಇದೇ ಆಟ. ಡಿಸ್ಚಾರ್ಜ್ ಬುಕ್ಕಿನಲ್ಲಿ ಶೇಪ್ ಒನ್ ಎಂದು ಮೊಹರು. ಎಂದರೆ ಯಾವ ತೋಪೂ ಇವನ ಕಿವಿಗೆ ಏನೂ ಮಾಡಿಲ್ಲ. ನಮ್ಮ ವಿರುದ್ಧದ ಸಾಕ್ಷ್ಯವನ್ನೆಲ್ಲ ನಮ್ಮ ಕಕ್ಷಿದಾರನೇ ವರ್ಷವರ್ಷ ತಯಾರಿಸಿ ಸಹಿ ಹಾಕಿಸಿ ಇಟ್ಟಿದ್ದ. ಕೊಡದ ಸರಕಾರದ ವಿರುದ್ಧ ವಾದಿಸಲು ನಾನು ಹೊರಟಿದ್ದೆ. ಸರಕಾರ ಕೈ ಚಾಚಿ ನಿಂತಿತ್ತು, ನಮ್ಮ ಹವಾಲ್ದಾರ್ ಸಾಹೇಬರು ಕೈ ಹಿಂದೆ ಕಟ್ಟಿಕೊಂಡಿದ್ದರು.

ಮುಂದಿನ ಎರಡು ವಾರ ಮನೆಯಲ್ಲಿ ಚರ್ಚೆಯೋ ಚರ್ಚೆ. ನಾನು ಆರೋಗ್ಯದ ಹಕ್ಕಿನ ಬಗ್ಗೆ ಮಾತಾಡಿದೆ. ಮುತ್ಯಾ "ಇನ್ನೂ ಬಡವ್ರು ಅದಾರ, ಅವರಿಗೆ ಕೊಡ್ಲಿ" ಎಂದ. ನಾನು ಸತ್ಯದ ಬಗ್ಗೆ ಮಾತಾಡಿದೆ. "ಸತ್ಯ ಅಂದ್ರ ಕಾಗದದಾಗ ಇದ್ದದ್ದು, ಅಲ್ಲೇನು ವಕೀಲಬಾಯಿ?" ಎಂದು ನನ್ನ ಪುಸ್ತಕದ ಮೇಲೆ ಬೆರಳಿಟ್ಟ. ಕೊನೆಗೆ ಸಿಟ್ಟಿನಲ್ಲಿ ನಾನು ಆಡಬಾರದ ಮಾತು ಆಡಿದೆ. "ಹಂಗಾದ್ರ ಪಾರ್ಕಿಗೆ ಯಾಕ ಹೋಗವಲ್ಲಿ?"

ಮುತ್ಯಾ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಅವನ ಚರ್ಚಾ ಪದ್ಧತಿಯಲ್ಲಿ ಅದು ಸಭಾತ್ಯಾಗ. ಮುಖ ಮುಚ್ಚಿದರೆ ಅವನಿಗೆ ಯಾರ ಮಾತೂ ತಲುಪದು.

ಆಯಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ, ತಿರುಗದೆ ಹೇಳಿದಳು: "ನಾಳೆ ದವಾಖಾನಿಗೆ ನಾನೂ ಬರ್ತೀನಿ."

"ನೀ ಬಂದು ಏನ್ ಹೇಳ್ತಿ ಆಯಿ?"

"ಒಂದ ಮಾತ. ನಿನ್ನಂಗ ಹನ್ನೊಂದಲ್ಲ."

"ಮಷೀನ ಬಂದ್ರ ನಿನಗ ಮಾತಾಡಾಕ ಜಾಗಾ ಇರೂದಿಲ್ಲ ಅಂದಿದ್ದಿ?"

ರೊಟ್ಟಿಯನ್ನು ಹೆಂಚಿಗೆ ಹಾಕಿ ನೀರು ಸವರಿದಳು. "ಆ ಬೂಟ ನೋಡಾಕ ಆಗವಲ್ದು ನನಗ," ಎಂದಳು.

ಮರುದಿನ ಮುತ್ಯಾನನ್ನು ಹೊರಡಿಸಲು ಕಷ್ಟವಾಗಲಿಲ್ಲ. ಮತ್ತೆ ನೋಡುವುದು ಎಂದು ಲೆಫ್ಟಿನೆಂಟ್ ಕರ್ನಲ್ ಒಬ್ಬರು ಬರೆದಿದ್ದರು. ಬರೆದ ಆರ್ಡರಿಗೆ ಅವನಲ್ಲಿ ಎದುರು ಮಾತಿಲ್ಲ. ಆ ಹೊಳೆಯುವ ಬೂಟು ಪಾರ್ಕಿಗಲ್ಲದಿದ್ದರೂ ಮತ್ತೆ ಬಾಗಿಲು ದಾಟಿತು.

ಡಾಕ್ಟರ ಕೋಣೆಯಲ್ಲಿ ಆಯಿ ಸೆರಗು ಸರಿಮಾಡಿಕೊಂಡು ಮುಂದೆ ಹೋದಳು. ಮುತ್ಯಾನ ಕಡೆಗೆ ಬೆನ್ನು ಮಾಡಿ ನಿಂತು ಕನ್ನಡದಲ್ಲಿ ಹೇಳಿದಳು: "ಬಾಯಾರ, ಇವರು ಕಿವಿಲೇ ಕೇಳೂದಿಲ್ಲರಿ, ಕಣ್ಣಿಲೇ ಕೇಳ್ತಾರ. ಇವರನ್ನ ಬೆನ್ನು ತಿರುಗಿಸಿ ನಿಲ್ಸಿ ಮಾತಾಡ್ರಿ. ಐವತ್ತು ವರ್ಷ ಬೆನ್ನಿನ ಕಡಿಂದನ ಮಾತಾಡೀನಿ, ನನಗ ಗೊತ್ತೈತಿ." ನಾನು ಹಿಂದಿಗೆ ಅನುವಾದ ಮಾಡಿದೆ. ಏನೂ ಸೇರಿಸಲಿಲ್ಲ. ಸೇರಿಸಲು ಏನೂ ಉಳಿದಿರಲಿಲ್ಲ.

ಡಾಕ್ಟರು ಒಂದು ಕ್ಷಣ ಆಯಿಯನ್ನೇ ನೋಡಿದರು. ಎದ್ದು ನಿಂತರು. ಅವರು ಎದ್ದದ್ದೇ ತಡ ಮುತ್ಯಾನೂ ಎದ್ದು ಸಾವಧಾನ್ ಭಂಗಿಯಲ್ಲಿ ನಿಂತ.

ಅವನ ಮುಖ ನೋಡಿ ಡಾಕ್ಟರು ಕವಾಯತಿನ ದನಿಯಲ್ಲಿ, "ಹವಾಲ್ದಾರ್, ಪೀಛೇ ಮುಡ್!" ಎಂದರು.

ಎಪ್ಪತ್ತಾರರ ಮುತ್ಯಾ ಹಿಮ್ಮಡಿಯ ಮೇಲೆ ಗರಕ್ಕನೆ ತಿರುಗಿ ಬೂಟು ಕುಟ್ಟಿ ನಿಂತ. ತಂತ್ರಜ್ಞ ಯುವಕನ ಮುಖ ಅರಳಿತು. ಈಗ ಮುತ್ಯಾನ ಎದುರಿಗೆ ಗೋಡೆ, ಗೋಡೆಯ ಮೇಲೆ ಒಂದು ಕ್ಯಾಲೆಂಡರ್. ಡಾಕ್ಟರು ಅಲ್ಲೇ ನಿಂತು ಅದೇ ದನಿಯಲ್ಲಿ ಮತ್ತೆ ಹೇಳಿದರು.

"ಪೀಛೇ ಮುಡ್!"

ಮುತ್ಯಾ ತಿರುಗಲಿಲ್ಲ.

ಇನ್ನೂ ಜೋರಾಗಿ, "ಪೀಛೇ ಮುಡ್!"

ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಕುಳಿತಿದ್ದ ಮುದುಕರೊಬ್ಬರು ತಟ್ಟನೆ ಎದ್ದು ನಿಂತು ಅತ್ತ ತಿರುಗಿದರು. ಕೋಲು ಕೆಳಗೆ ಬಿದ್ದ ಸದ್ದಾಯಿತು. ಕೋಣೆಯ ಒಳಗೆ ಮುತ್ಯಾ ಮಾತ್ರ ಹಾಗೇ ನಿಂತಿದ್ದ. ಎರಡು ಕೈ ಪ್ಯಾಂಟಿನ ಹೊಲಿಗೆಗೆ ಅಂಟಿ, ಹೆಬ್ಬೆರಳು ನೆಟ್ಟಗೆ, ಕತ್ತು ನೆಟ್ಟಗೆ. ಎರಡು ಸಲ ಬಂದು ಹೋದ ಆರ್ಡರಿಗೆ ಕಾಯುತ್ತ.

ನಾನು ಗೆದ್ದಿದ್ದೆ. ಇಷ್ಟು ಸ್ಪಷ್ಟವಾದ ಗೆಲುವು ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ. ನಾನು ಕಿಟಕಿಯ ಹೊರಗೆ ನೋಡತೊಡಗಿದೆ.

ಆಯಿ ಹೋಗಿ ಅವನ ಮೊಣಕೈ ಮುಟ್ಟಿದಳು. ಮುತ್ಯಾ ತಿರುಗಿ ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ಓದಿದ. ಓದಿ ಮುಗಿದ ಮೇಲೆ ಭುಜ ಸ್ವಲ್ಪ ಇಳಿಯಿತು. "ಕೆಟಗರಿ ಬಿತ್ತೇ, ಮೇಡಂ ಸಾಬ್?" ಎಂದು ಕೇಳಿದ. ಮೊದಲ ಸಲ ಅವನ ದನಿ ಸಣ್ಣದಾಗಿತ್ತು.

ಡಾಕ್ಟರು ಎದುರಿಗೆ ಬಂದು, ಅವನಿಗೆ ಕಾಣುವ ಹಾಗೆ ನಿಧಾನವಾಗಿ ಹೇಳಿದರು: "ನಿಮ್ಮ ತೋಳಿನ ಹವಾಲ್ದಾರಿಕೆಯ ಮೂರು ಪಟ್ಟಿ ಬಿಚ್ಚುವ ಅಧಿಕಾರ ಈಗ ನನಗಿಲ್ಲ, ಯಾರಿಗೂ ಇಲ್ಲ. ಕುಳಿತುಕೊಳ್ಳಿ. ಈ ಸಲ ಕುರ್ಚಿ ಗೋಡೆಯ ಕಡೆ." ಆಮೇಲೆ ಆಯಿಯನ್ನು ತೋರಿಸಿ, "ಇವರನ್ನು ನನ್ನ ಡಿಪಾರ್ಟ್‌ಮೆಂಟಿಗೆ ಕಳಿಸಿಬಿಡಿ," ಎಂದು ನನಗೆ ಹೇಳಿದರು. ಆಯಿಗೆ ಅನುವಾದ ಮಾಡಿದಾಗ ಅವಳು, "ಹೋಗ್ರಿ, ಮನ್ಯಾಗ ಕೆಲಸ ಐತಿ" ಎಂದಳು.

ಎರಡನೇ ಪರೀಕ್ಷೆಯ ಕಾಗದದಲ್ಲಿ ಗೆರೆ ಬಾವಿಯ ಮೆಟ್ಟಿಲಿನ ಹಾಗೆ ಇಳಿದು ಹೋಗಿತ್ತು. ಆಮೇಲೆ ಮಂಜೂರಾತಿ, ಕಿವಿಯ ಅಚ್ಚು, ಇನ್ನೊಂದು ಸಹಿ ಎಂದು ಕೆಲವು ವಾರ ಹಿಡಿಯಿತು. ಒಂದೆರಡು ಕಿಟಕಿಗಳಲ್ಲಿ ನನಗೂ ಸಣ್ಣಪುಟ್ಟ ಜಗಳ ಸಿಕ್ಕಿದವು. ಸರಕಾರ ನನ್ನನ್ನು ಪೂರ್ತಿ ಉಪವಾಸ ಕೆಡವಲಿಲ್ಲ. ಒಂದು ಸೋಮವಾರ ಮುತ್ಯಾ ಎರಡು ಕಿವಿಗೂ ಮಷೀನು ಸಿಕ್ಕಿಸಿಕೊಂಡು ಮನೆಗೆ ಬಂದು ಕುರ್ಚಿಯಲ್ಲಿ ಕುಳಿತ. ಕಟಕಟ ಸದ್ದಿಗೆ ಮೇಲೆ ನೋಡಿದ.

"ಈ ಫ್ಯಾನ್ ಯಾವಾಗಿಂದ ಕೆಟ್ಟೈತಿ?"

"ಹತ್ತು ವರ್ಷಾತು!" ಎಂದೆ.

ಮುತ್ಯಾ ಬೆಚ್ಚಿ ಎರಡೂ ಕಿವಿ ಮುಚ್ಚಿಕೊಂಡ. "ಏ ವಕೀಲಬಾಯಿ, ಹಂಗ್ಯಾಕ ಒದರಾಕತ್ತೀ? ನಾ ಏನ್ ಕಿವುಡ ಏನ?"

ಮರುದಿನ ಐದೂವರೆಗೆ ಬೂಟು ಪಾರ್ಕಿಗೆ ಹೋಯಿತು. ಎಂಟಕ್ಕೆ ಬಂದ. ನಾವೆಲ್ಲ ಏನೂ ಗೊತ್ತಿಲ್ಲದವರ ಹಾಗೆ ನಮ್ಮ ನಮ್ಮ ಕೆಲಸದಲ್ಲಿ ಮುಖ ಹುದುಗಿಸಿಕೊಂಡು ಕಾದೆವು. ಬೂಟು ಬಿಚ್ಚುತ್ತ ತಾನೇ ಹೇಳಿದ.

"ರಾಘವುಲೂನ ಹೇಣ್ತಿ ವಾಕರ್ ಹಿಡಕೊಂಡು ನಡ್ಯಾಕತ್ಯಾಳಂತ. ಅಂವ ನಕ್ಕೋತನ ಹೇಳಿದ. ನಾ ನಗಲಿಲ್ಲ. ಅವತ್ತಿಂದು ತಪ್ಪಾತಪಾ ಅಂದೆ." ಇನ್ನೊಂದು ಬೂಟಿನ ಲೇಸಿಗೆ ಕೈ ಹಾಕಿದ. "ಆಮ್ಯಾಲ ಒಂದು ಜೋಕ ಹೇಳಿದ. ಥೂ, ಭಾಳ ಕೆಟ್ಟ ಜೋಕ. ಇಷ್ಟು ವರ್ಷ ನಾ ಇಂಥಾವಕ್ಕೆಲ್ಲ ನಕ್ಕೀನೇನು?"

ಇಲ್ಲಿಗೆ ಪ್ರಕರಣ ಮುಗಿಯಬೇಕಿತ್ತು. ಆದರೆ ಅಡುಗೆಮನೆ ಮೌನವಾಗಿಬಿಟ್ಟಿತು. ಆಯಿ ಒಲೆಯ ಕಡೆ ಮುಖ ಮಾಡಿ ಕೂಡುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಬಾಯಿ ಮಾತ್ರ ಬಿಗಿ. ವಾರ್ತೆ ಇಲ್ಲ, ಹಾಡಿಲ್ಲ. ನಾನು ಹತ್ತಿರ ಹೋಗಿ ಕೆಣಕಿದರೆ ಕಣ್ಣಿನಲ್ಲೇ ಕುರ್ಚಿಯ ಕಡೆ ತೋರಿಸಿ ಸುಮ್ಮನಾಗುತ್ತಿದ್ದಳು. ಒಂದು ವಾರ, ಹತ್ತು ದಿನ. ಅವಳು ಬಿಟ್ಟುಕೊಟ್ಟದ್ದು ಏನೆಂದು ನನಗೆ ಆಗ ಅರ್ಥವಾಗತೊಡಗಿತು. ಅದನ್ನು ಹಿಂದಕ್ಕೆ ಕೊಡಿಸಲು ಯಾವ ಕಿಟಕಿಯಲ್ಲಿ ಅರ್ಜಿ ಹಾಕಬೇಕೋ ಗೊತ್ತಾಗಲಿಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆ ಮುತ್ಯಾ ಪಾರ್ಕಿನಿಂದ ಬೇಗ ಬಂದ. ಅವನು ಬಂದದ್ದು ಆಯಿಗೆ ಗೊತ್ತಿಲ್ಲ. ಕುರ್ಚಿ ಖಾಲಿ ಎಂದು ಮೈಮರೆತಿದ್ದಳು. ರೊಟ್ಟಿಯ ಟಪ್ ಟಪ್ ತಾಳಕ್ಕೆ ತವರಿನ ಬೀಸುವ ಹಾಡು ನಡೆದಿತ್ತು, ನಡುನಡುವೆ ಶಬ್ದ ಮರೆತು ಬರೀ ಗುನುಗು. ಮುತ್ಯಾ ಒಂದು ಕಾಲಿನ ಬೂಟು ಬಿಚ್ಚಿದವನು ಇನ್ನೊಂದನ್ನು ಬಿಚ್ಚಲಿಲ್ಲ. ಹಾಗೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವಳ ಮುಖ ಕಾಣುತ್ತಿರಲಿಲ್ಲ, ಬೆನ್ನು ಮಾತ್ರ. ಐವತ್ತು ವರ್ಷದ ಸಂಸಾರದಲ್ಲಿ ಅವಳು ಹಾಡುತ್ತಾಳೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಿಲ್ಲ.

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮುತ್ಯಾನ ಬಲಗೈ ಎದ್ದಿತು. ನನ್ನನ್ನು ತಡೆಯಲು ಎಂದುಕೊಂಡೆ. ಅವನು ನನ್ನನ್ನು ನೋಡಿಯೇ ಇರಲಿಲ್ಲ. ತೋರುಬೆರಳು ನೆಟ್ಟಗೆ ಮೇಲಕ್ಕೆ ನಿಂತಿತ್ತು, ಗಾಜಿನ ಗೂಡಿನಲ್ಲಿ ನಿಂತಿದ್ದ ಹಾಗೆಯೇ.

ಹಿಟ್ಟು ಮುಗಿಯುತ್ತ ಬಂದಿತ್ತು. ಬಡಿತ ನಿಧಾನವಾಯಿತು. ಹಾಡು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಬಾಗಿಲ ಈಚೆ ನಿಂತ ನನಗೆ ಕೇಳಿಸದಷ್ಟು ಸಣ್ಣದಾಯಿತು. ಮುತ್ಯಾನ ಬೆರಳು ಇಳಿಯಲಿಲ್ಲ.